ಎತ್ತರ ಕಡಿಮೆ, ನೆಲ ಜೌಗು: ಬ್ಲೀಕ್ಲೋ ಬೆಟ್ಟಕ್ಕೆ ಹೊರಟವರಿಗೆ

ಪ್ರಶ್ನೆ: ಎರಡು ವರ್ಷದಿಂದ ಮ್ಯಾಂಚೆಸ್ಟರಿನಲ್ಲಿದ್ದೇನೆ. ಊರಿನಲ್ಲಿದ್ದಾಗ ಕುಮಾರ ಪರ್ವತ, ಕುದುರೆಮುಖ ಹತ್ತಿದ್ದೇನೆ. ಅಕ್ಟೋಬರ್ ಕೊನೆಯಲ್ಲಿ ಐದಾರು ಗೆಳೆಯರು ಸೇರಿ ಪೀಕ್ ಡಿಸ್ಟ್ರಿಕ್ಟಿನ ಬ್ಲೀಕ್ಲೋಗೆ ಹೋಗಬೇಕೆಂದಿದ್ದೇವೆ. ಬೆಟ್ಟದ ಎತ್ತರ 633 ಮೀಟರ್. ಕಾರು ನಿಲ್ಲಿಸುವ ಜಾಗವೇ 510 ಮೀಟರ್ ಎತ್ತರದಲ್ಲಿದೆ. ಆದರೂ ನಮ್ಮ ಆಫೀಸಿನವರೊಬ್ಬರು ಅಲ್ಲಿ ಮೊಣಕಾಲಿನವರೆಗೆ ಹೂತು ಅರ್ಧ ದಾರಿಯಿಂದ ಹಿಂದಿರುಗಿದರಂತೆ. ಇಷ್ಟು ಸಣ್ಣ ಬೆಟ್ಟಕ್ಕೆ ನಿಜವಾಗಿಯೂ ಸಿದ್ಧತೆ ಬೇಕೇ? ಎಂಥ ಶೂ ಹಾಕಬೇಕು? ಮಂಜು ಕವಿದರೆ ಏನು ಮಾಡಬೇಕು? ಊರಿನಿಂದ ಬಂದಿರುವ 66 ವರ್ಷದ ನಮ್ಮ ತಂದೆಯವರನ್ನು ಕರೆದುಕೊಂಡು ಹೋಗಬಹುದೇ?

ಉತ್ತರ: ಸಿದ್ಧತೆ ಖಂಡಿತ ಬೇಕು, ಆದರೆ ಕುಮಾರ ಪರ್ವತಕ್ಕೆ ನೀವು ಮಾಡಿಕೊಂಡ ಬಗೆಯ ಸಿದ್ಧತೆಯಲ್ಲ. ಕುಕ್ಕೆಯಿಂದ ಹೊರಟು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರುವಾಗ ಪರೀಕ್ಷೆಗೆ ಒಳಗಾಗುವುದು ನಿಮ್ಮ ಉಸಿರು ಮತ್ತು ತೊಡೆ. ದಾರಿ ಮಾತ್ರ ಎಲ್ಲಿಯೂ ಅನುಮಾನಕ್ಕೆ ಎಡೆಕೊಡುವುದಿಲ್ಲ, ಏಕೆಂದರೆ ಬೆಟ್ಟದ ಏರೇ ಮುಂದೆ ಯಾವುದು, ಹಿಂದೆ ಯಾವುದು ಎಂದು ಹೇಳುತ್ತಿರುತ್ತದೆ. ಬ್ಲೀಕ್ಲೋದಲ್ಲಿ ಆ ಆಸರೆ ಇಲ್ಲ. ಹೆದ್ದಾರಿಯಿಂದ ತುದಿಯವರೆಗಿನ ಏರು ನೂರಿಪ್ಪತ್ತು ಮೀಟರಿನಷ್ಟಿದ್ದು, ಅದೂ ನಾಲ್ಕು ಕಿಲೋಮೀಟರಿನಷ್ಟು ಉದ್ದಕ್ಕೆ ಹರಡಿಕೊಂಡಿರುವುದರಿಂದ, ನೀವು ಹತ್ತುತ್ತಿದ್ದೀರೋ ಇಳಿಯುತ್ತಿದ್ದೀರೋ ಎಂಬುದೇ ಕಾಲಿಗೆ ಸ್ಪಷ್ಟವಾಗುವುದಿಲ್ಲ. ಅಲ್ಲಿ ದಣಿಸುವುದು ನೆಲ. ದಾರಿ ತಪ್ಪಿಸುವುದು ಆ ನೆಲದ ಚಪ್ಪಟೆತನ. ನೆಲವನ್ನು ಓದುವುದು ಮತ್ತು ಗುರುತುಗಳಿಲ್ಲದ ಬಯಲಿನಲ್ಲಿ ದಿಕ್ಕು ಹಿಡಿಯುವುದು, ಈ ಎರಡನ್ನು ಕಲಿತು ಹೋದರೆ ಈ ಬೆಟ್ಟ ನಿಮಗೆ ಬಹಳ ಸಂತೋಷ ಕೊಡುತ್ತದೆ.

ಮೊದಲು ನೆಲದ ವಿಷಯ. ಬ್ಲೀಕ್ಲೋದ ಅಡಿಯಲ್ಲಿರುವುದು ಒರಟು ಮರಳುಗಲ್ಲು. ಅದರ ಮೇಲೆ ವರ್ಷವಿಡೀ ಮಳೆ ಸುರಿಯುತ್ತದೆ, ಬಿಸಿಲು ಕಡಿಮೆ, ನೀರು ಹರಿದುಹೋಗುವಷ್ಟು ಇಳಿಜಾರೂ ಇಲ್ಲ. ನೀರು ನಿಂತ ಕಡೆ ಸತ್ತ ಗಿಡಗಳು ಗಾಳಿ ಸಿಗದೆ ಪೂರ್ತಿ ಕೊಳೆಯಲಾರದೆ ಪದರ ಪದರವಾಗಿ ಕೂಡುತ್ತಾ ಹೋಗುತ್ತವೆ. ಹಾಗೆ ಕೂಡಿದ ಕಪ್ಪು ಕಂದು ವಸ್ತುವೇ ಪೀಟ್. ಅದು ಬೆಳೆಯುವುದು ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಬ್ಲೀಕ್ಲೋದ ಮೇಲೆ ಹಲವೆಡೆ ಅದು ಎರಡು ಮೀಟರಿಗೂ ಹೆಚ್ಚು ಆಳವಾಗಿದೆ ಎಂದರೆ ಎಷ್ಟು ಸಾವಿರ ವರ್ಷಗಳ ಸಂಗ್ರಹದ ಮೇಲೆ ನೀವು ಹೆಜ್ಜೆ ಇಡುತ್ತಿದ್ದೀರಿ ಎಂಬುದನ್ನು ಲೆಕ್ಕ ಹಾಕಿಕೊಳ್ಳಬಹುದು. ಹಾಳಾಗದ ಪೀಟಿನ ತೂಕದಲ್ಲಿ ಸುಮಾರು ನೂರಕ್ಕೆ ತೊಂಬತ್ತು ಪಾಲು ನೀರೇ ಇರುತ್ತದೆ.

ನಮ್ಮವರು ಇಲ್ಲಿ ಎಡವುವುದು ಗದ್ದೆಯ ಅನುಭವದಿಂದ. ನಾಟಿ ಗದ್ದೆಯಲ್ಲಿ ಓಡಾಡಿದವರಿಗೆ ಕೆಸರೆಂದರೆ ಭಯವಿಲ್ಲ, ಏಕೆಂದರೆ ವರ್ಷವರ್ಷವೂ ಉತ್ತು ತುಳಿದು ಗಟ್ಟಿಯಾದ ತಳ ಒಂದು ಮೊಳದೊಳಗೆ ಪಾದಕ್ಕೆ ಸಿಕ್ಕಿಯೇ ಸಿಗುತ್ತದೆ ಎಂಬುದು ಕಾಲಿಗೆ ಅಭ್ಯಾಸವಾಗಿರುತ್ತದೆ. ಪೀಟಿನಲ್ಲಿ ಅಂಥ ತಳ ಇಲ್ಲ. ಮೇಲ್ಪದರ ನಿಮ್ಮ ಭಾರ ತಡೆದರೆ ಸರಿ, ತಡೆಯದಿದ್ದರೆ ಕಾಲು ಮೊಣಕಾಲಿನವರೆಗೆ, ಕೆಲವೊಮ್ಮೆ ತೊಡೆಯವರೆಗೆ ಇಳಿಯುತ್ತದೆ. ನಿಮ್ಮ ಆಫೀಸಿನವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಆದರೆ ಈ ನೆಲ ಮುನ್ಸೂಚನೆ ಕೊಡದೆ ಯಾರನ್ನೂ ನುಂಗುವುದಿಲ್ಲ. ಅದರ ಮೇಲೆ ಏನು ಬೆಳೆದಿದೆ ಎಂದು ನೋಡಿದರೆ ಸಾಕು. ಕಣ್ಣಿಗೆ ಅತ್ಯಂತ ಹಿತವಾಗಿ, ಎಳೆ ಹಸಿರಿನ ಮೆತ್ತನೆಯ ಹಾಸಿನಂತೆ ಕಾಣುವ ಜಾಗವೇ ಅತ್ಯಂತ ಒದ್ದೆಯಾದದ್ದು. ಅದು ಸ್ಫ್ಯಾಗ್ನಮ್ ಎಂಬ ಪಾಚಿ. ಒಂದು ಹಿಡಿಯಷ್ಟನ್ನು ಕೀಳದೆ ಇದ್ದಲ್ಲಿಯೇ ಅಂಗೈಯಲ್ಲಿ ಮೆಲ್ಲಗೆ ಅದುಮಿ ನೋಡಿ. ಬೆರಳ ಸಂದಿಯಿಂದ ನೀರು ಧಾರೆಯಾಗಿ ಇಳಿಯುತ್ತದೆ, ಕೈಬಿಟ್ಟೊಡನೆ ಪಾಚಿ ನಿಧಾನವಾಗಿ ಮತ್ತೆ ಉಬ್ಬಿಕೊಳ್ಳುತ್ತದೆ. ತನ್ನ ಒಣತೂಕದ ಇಪ್ಪತ್ತು ಪಟ್ಟಿನವರೆಗೆ ನೀರು ಹಿಡಿದಿಡಬಲ್ಲ ಸಸ್ಯ ಅದು. ಅದರ ಮೇಲೆ ಕಾಲಿಡಬೇಡಿ, ನಿಮ್ಮ ಕ್ಷೇಮಕ್ಕೂ ಅದರ ಕ್ಷೇಮಕ್ಕೂ. ಇನ್ನು ಕಾಟನ್ ಗ್ರಾಸ್ ಎಂಬ ಹುಲ್ಲಿನಲ್ಲಿ ಎರಡು ಬಗೆಗಳಿವೆ. ಒಂದೇ ಕಡ್ಡಿಗೆ ಹಲವು ಬಿಳಿ ಕುಚ್ಚು ಬಿಡುವುದು ನೀರು ನಿಂತ ಕಡೆ ಬೆಳೆಯುತ್ತದೆ. ಕುಚ್ಚು ಕಾಣುವುದು ಮೇ, ಜೂನ್ ತಿಂಗಳುಗಳಲ್ಲಿ, ನೀವು ಹೋಗುವ ಅಕ್ಟೋಬರಿನಲ್ಲಿ ಅದನ್ನು ಗುರುತಿಸುವುದು ಕೆಂಪಗೆ ತಿರುಗಿದ ಎಲೆಗಳಿಂದ. ಕಡ್ಡಿಗೆ ಒಂದೇ ಕುಚ್ಚು ಬಿಡುವ ಇನ್ನೊಂದು ಬಗೆ ಒತ್ತಾಗಿ ಗುಪ್ಪೆ ಕಟ್ಟಿ ಬೆಳೆಯುತ್ತದೆ, ಆ ಗುಪ್ಪೆಯ ನಡುಭಾಗ ಸಾಮಾನ್ಯವಾಗಿ ಭಾರ ತಡೆಯುತ್ತದೆ. ಹೆದರ್ ಪೊದೆ ಮತ್ತು ಬಿಲ್ಬೆರಿ ಗಿಡಗಳಿರುವ ಕಡೆ ನೆಲ ಎಲ್ಲಕ್ಕಿಂತ ಒಣಗಿರುತ್ತದೆ. ಏನೂ ಬೆಳೆಯದ ಬರಿಯ ಕಪ್ಪು ಪೀಟನ್ನು ಮಾತ್ರ ನೋಟದಿಂದ ನಿರ್ಧರಿಸಬಾರದು: ಬಿಸಿಲು ಬಿದ್ದ ವಾರದಲ್ಲಿ ಅದರ ಮೇಲೆ ಸಲೀಸಾಗಿ ನಡೆಯಬಹುದು, ಮಳೆಯ ಮರುದಿನ ಅದೇ ಜಾಗದಲ್ಲಿ ಒಣಗಿದಂತೆ ಕಾಣುವ ತೆಳುಪೊರೆಯ ಕೆಳಗೆ ಅಂಬಲಿಯಿರುತ್ತದೆ. ಊರುಗೋಲನ್ನು ಮುಂದೆ ಚುಚ್ಚಿ, ಅದು ಎಷ್ಟು ಇಳಿಯುತ್ತದೆಂದು ನೋಡಿ ಹೆಜ್ಜೆ ಇಡಿ.

ಕಾಲು ಹೂತರೆ ಗಾಬರಿಯಿಂದ ಮೇಲಕ್ಕೆ ಜಗ್ಗಬೇಡಿ. ಒಂದು ಕಾಲನ್ನು ಜಗ್ಗುವ ಭರದಲ್ಲಿ ಇನ್ನೊಂದರ ಮೇಲೆ ಇಡೀ ಭಾರ ಬೀಳುತ್ತದೆ, ಅದೂ ಇಳಿಯುತ್ತದೆ. ಬೆನ್ನಿನ ಚೀಲ ಕಳಚಿ ಪಕ್ಕಕ್ಕೆ ಇಡಿ, ಬಂದ ದಿಕ್ಕಿನ ಕಡೆಗೆ ಹಿಂದಕ್ಕೆ ಒರಗಿ ಇಲ್ಲವೇ ಕುಳಿತು ಭಾರವನ್ನು ಅಗಲವಾದ ಜಾಗಕ್ಕೆ ಹಂಚಿ, ಹಿಮ್ಮಡಿಯನ್ನು ಅತ್ತಿತ್ತ ಆಡಿಸಿ ಬೂಟಿನ ಸುತ್ತ ಗಾಳಿ, ನೀರು ಸೇರುವಂತೆ ಮಾಡಿದರೆ ಹಿಡಿತ ಸಡಿಲುತ್ತದೆ. ಆಮೇಲೆ ನಿಧಾನವಾಗಿ ಎಳೆಯಿರಿ. ಜೊತೆಗಾರರು ಓಡಿಬಂದು ಪಕ್ಕದಲ್ಲೇ ನಿಲ್ಲದೆ, ಗಟ್ಟಿ ನೆಲದಲ್ಲಿ ನಿಂತು ಊರುಗೋಲು ಚಾಚಬೇಕು. ಇಡೀ ಮನುಷ್ಯ ಮುಳುಗಿಹೋಗುವ ಭಯ ಬೇಡ. ನಿಜವಾದ ಅಪಾಯವೆಂದರೆ ಮಂಡಿ ತಿರುಚುವುದು, ಮತ್ತು ಒದ್ದೆಯಾದ ಮೈಗೆ ಗಾಳಿ ಹೊಡೆಯುವುದು.

ದಾರಿಯ ವಿಚಾರಕ್ಕೆ ಬರುತ್ತೇನೆ. ಗ್ಲಾಸಪ್‌ನಿಂದ ಶೆಫೀಲ್ಡ್ ಕಡೆಗೆ ಹೋಗುವ ಎ57 ರಸ್ತೆ ಸ್ನೇಕ್ ಪಾಸ್‌ನ ತುದಿ ಮುಟ್ಟುವಲ್ಲಿ, 1965ರಲ್ಲಿ ಆರಂಭವಾದ ಪೆನೈನ್ ವೇ ಎಂಬ ದೂರದಾರಿ ಅದನ್ನು ಅಡ್ಡ ದಾಟುತ್ತದೆ. ನೀವು ಅಲ್ಲಿಂದ ಉತ್ತರಕ್ಕೆ ಹೊರಡಬೇಕು. ಮೊದಲ ಭಾಗದಲ್ಲಿ ಜೌಗಿನ ಮೇಲೆ ಸಾಲಾಗಿ ಚಪ್ಪಡಿ ಹಾಸಿದ್ದಾರೆ. ಆ ಚಪ್ಪಡಿಗಳನ್ನು ಒಮ್ಮೆ ಬಗ್ಗಿ ನೋಡಿ: ಕೆಲವದರಲ್ಲಿ ದುಂಡನೆಯ ತೂತುಗಳು, ಕಬ್ಬಿಣ ಕೂರಿಸಿದ ಗುರುತುಗಳು ಕಾಣುತ್ತವೆ. ಪೆನೈನ್ ವೇ ಮೇಲಿನ ಇಂಥ ಚಪ್ಪಡಿಗಳಲ್ಲಿ ಹೆಚ್ಚಿನವು ಉತ್ತರ ಇಂಗ್ಲೆಂಡಿನಲ್ಲಿ ಕೆಡವಿದ ಹತ್ತಿ, ಉಣ್ಣೆ ಗಿರಣಿಗಳ ನೆಲಗಲ್ಲುಗಳು. ಯಂತ್ರಗಳನ್ನು ಬಿಗಿದ ಗುರುತು ಇನ್ನೂ ಅಳಿಸಿಲ್ಲ. ಹೆಲಿಕಾಪ್ಟರಿನಲ್ಲಿ ತಂದಿಳಿಸಿ ಹಾಸಿದ ಈ ಕಲ್ಲುಗಳು ಬರುವ ಮೊದಲು, ನಡೆಯುವವರೆಲ್ಲ ಕೆಸರು ತಪ್ಪಿಸಲು ಪಕ್ಕಕ್ಕೆ ಪಕ್ಕಕ್ಕೆ ಸರಿದು, ದಾರಿ ಹತ್ತಾರು ಮೀಟರ್ ಅಗಲದ ಕರಿಗಾಯವಾಗಿತ್ತು. ಕಲ್ಲು ಹಾಸಿದ್ದರಿಂದ ಬೆಟ್ಟದ ಸಹಜತೆ ಕೆಟ್ಟಿತು ಎನ್ನುವವರಿದ್ದಾರೆ. ಅಕ್ಕಪಕ್ಕದಲ್ಲಿ ಮತ್ತೆ ಚಿಗುರಿರುವ ಹಸಿರನ್ನು ನೋಡಿದ ಮೇಲೆ ನಾನು ಆ ಮಾತನ್ನು ಒಪ್ಪುವುದಿಲ್ಲ. ಇಬ್ಬನಿ ಹೆಪ್ಪುಗಟ್ಟಿದ ಬೆಳಗುಗಳಲ್ಲಿ ಮಾತ್ರ ಅವು ಬಹಳ ಜಾರುತ್ತವೆ.

ಸ್ವಲ್ಪ ದೂರದಲ್ಲಿ ಡಾಕ್ಟರ್ಸ್ ಗೇಟ್ ಎಂಬ ಹಳೆಯ ಕಾಲುದಾರಿ ಅಡ್ಡ ಬರುತ್ತದೆ. ಅದನ್ನು ದಾಟಿ ಮುಂದೆ ಹೋದರೆ ಡೆವಿಲ್ಸ್ ಡೈಕ್ ಎಂಬ ಅಗಳಿನಂಥ ತಗ್ಗಿನೊಳಗೆ ದಾರಿ ಸಾಗುತ್ತದೆ. ಎರಡೂ ಕಡೆ ದಂಡೆ ಇರುವುದರಿಂದ ಅಲ್ಲಿ ತಪ್ಪಲು ಅವಕಾಶವಿಲ್ಲ. ಆಮೇಲೆ ಹರ್ನ್ ಕ್ಲಫ್ ಎಂಬ ಸಣ್ಣ ತೊರೆ ಸಿಗುತ್ತದೆ. ಅದರ ಜೊತೆಯಲ್ಲೇ ಮೇಲಕ್ಕೆ ಸಾಗಿ, ತೊರೆ ಕೊರಕಲುಗಳಲ್ಲಿ ಹರಿದು ಹಂಚಿಹೋಗುವ ಜಾಗಕ್ಕೆ ಬಂದಾಗ ನೀವು ಬೆಟ್ಟದ ನೆತ್ತಿಯ ಬಯಲಿನಲ್ಲಿರುತ್ತೀರಿ. ಬ್ಲೀಕ್ಲೋ ಹೆಡ್ ಎಂಬ ತುದಿಯಲ್ಲಿರುವುದು ಕಲ್ಲುಗಳ ದೊಡ್ಡದೊಂದು ಗುಡ್ಡೆ, ಅದರ ನಡುವೆ ನೆಟ್ಟ ಒಂದು ಕಂಬ, ಸುತ್ತ ಮರಳು ಮತ್ತು ಪೀಟು. ಕುದುರೆಮುಖದ ನೆತ್ತಿಯಲ್ಲಿ ಕಾಲಡಿಗೆ ಕಣಿವೆ ತೆರೆದುಕೊಂಡಂತೆ ಇಲ್ಲಿ ಏನೂ ತೆರೆದುಕೊಳ್ಳುವುದಿಲ್ಲ. ಇಲ್ಲಿ ಎದೆ ತುಂಬುವುದು ಆಕಾಶದ ಅಗಲದಿಂದ. ಕಣಿವೆಯ ನೋಟವೇ ಬೇಕೆಂದರೆ ನೈರುತ್ಯಕ್ಕೆ ಸುಮಾರು ಒಂದು ಕಿಲೋಮೀಟರ್ ದೂರದ ಹೈಯರ್ ಶೆಲ್ಫ್ ಸ್ಟೋನ್ಸ್‌ಗೆ ಹೋಗಬೇಕು. 621 ಮೀಟರ್ ಎತ್ತರದ ಆ ಬಂಡೆಗಳ ಅಂಚಿನಲ್ಲಿ ಸರ್ವೆ ಕಂಬವಿದೆ, ತಿಳಿಯಾದ ದಿನ ಗ್ಲಾಸಪ್, ಅದರಾಚೆ ಮ್ಯಾಂಚೆಸ್ಟರಿನ ಬಯಲು ಕಾಣುತ್ತದೆ.

ಅದರ ಪಕ್ಕದಲ್ಲೇ, 1948ರ ನವೆಂಬರ್ 3ರಂದು ಮೋಡದಲ್ಲಿ ಬೆಟ್ಟಕ್ಕೆ ಬಡಿದ ಅಮೆರಿಕದ ವಾಯುಪಡೆಯ ಬಿ-29 ವಿಮಾನದ ಅವಶೇಷಗಳು ಇಂದಿಗೂ ಚದುರಿ ಬಿದ್ದಿವೆ. ಅದರಲ್ಲಿದ್ದ 13 ಮಂದಿಯೂ ತೀರಿಕೊಂಡರು. ಎಂಜಿನುಗಳು, ಬಾಗಿದ ಅಲ್ಯೂಮಿನಿಯಂ ತಗಡುಗಳು ಪೀಟಿನಲ್ಲಿ ಅರ್ಧ ಹೂತು ನಿಂತಿವೆ, ಸ್ಮಾರಕ ಫಲಕವೊಂದಿದೆ. ಅಲ್ಲಿ ಒಂದು ತಿರುಪನ್ನೂ ಮುಟ್ಟಬೇಡಿ, ಅವಶೇಷಗಳ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳಬೇಡಿ ಎಂದು ಗೆಳೆಯರಿಗೆ ಮೊದಲೇ ಹೇಳಿ.

ಮಂಜಿನ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಬ್ಲೀಕ್ಲೋದಲ್ಲಿ ಜನ ತೊಂದರೆಗೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅದರಿಂದಲೇ. ನೆತ್ತಿಯ ಪೀಟನ್ನು ನೀರು ಕೊರೆದು ಆಳಾಳದ ಕೊರಕಲುಗಳನ್ನು ಮಾಡಿದೆ. ಎಷ್ಟೋ ಕಡೆ ಅವು ಆಳೆತ್ತರಕ್ಕೂ ಆಳವಾಗಿವೆ. ಅದರೊಳಗೆ ಇಳಿದರೆ ಹೊರಗಿನದು ಏನೂ ಕಾಣುವುದಿಲ್ಲ, ತಳ ಗಟ್ಟಿಯಾಗಿ ನಡೆಯಲು ಹಿತವಾಗಿರುವುದರಿಂದ ಕಾಲು ತಾನಾಗಿಯೇ ಅದನ್ನು ಹಿಡಿದು ಹೋಗುತ್ತದೆ, ಕೊರಕಲು ಮಾತ್ರ ಹಾವಿನಂತೆ ತಿರುಗುತ್ತಾ ಹತ್ತೇ ನಿಮಿಷದಲ್ಲಿ ನಿಮ್ಮ ಮುಖವನ್ನು ಬೇರೆ ದಿಕ್ಕಿಗೆ ಹೊರಳಿಸಿರುತ್ತದೆ. ಅಂಥದ್ದರಲ್ಲಿ ನಡೆಯಲೇಬೇಕಾದಾಗ, ಪ್ರತಿ ತಿರುವಿನಲ್ಲೂ ದಿಕ್ಸೂಚಿ ನೋಡಿ, ದಿಕ್ಕು ಬದಲಾದೊಡನೆ ಅಂಚು ಹತ್ತಿ ಹೊರಬನ್ನಿ.

ಇನ್ನೊಂದು ಎಚ್ಚರಿಕೆ ಮಲೆನಾಡಿನ ಚಾರಣದ ಅಭ್ಯಾಸಕ್ಕೆ ಸಂಬಂಧಿಸಿದ್ದು. ದಾರಿ ತಪ್ಪಿದರೆ ಹಳ್ಳದ ಜೊತೆ ಇಳಿದರಾಯಿತು, ಊರು ಸಿಗುತ್ತದೆ ಎಂದು ನಮ್ಮಲ್ಲಿ ಹೇಳುವುದುಂಟು. ಬ್ಲೀಕ್ಲೋ ಇಂಗ್ಲೆಂಡಿನ ನೀರು ಹಂಚುವ ಬೆನ್ನು. ಹರ್ನ್ ಕ್ಲಫ್ ಹಿಡಿದು ಇಳಿದರೆ ನೀವು ಆಗ್ನೇಯಕ್ಕೆ ಆಲ್ಪೋರ್ಟ್ ಕಣಿವೆಗೆ ಸೇರುತ್ತೀರಿ. ಆ ಕಣಿವೆ ಎ57 ರಸ್ತೆಯನ್ನು ಮತ್ತೆ ಮುಟ್ಟುವುದು ನಿಮ್ಮ ಕಾರಿನಿಂದ ಬಹಳ ಮೈಲಿ ಪೂರ್ವಕ್ಕೆ. ಪಶ್ಚಿಮಕ್ಕೆ ಹರಿಯುವ ಶೆಲ್ಫ್ ಬ್ರೂಕ್ ಗ್ಲಾಸಪ್‌ಗೆ ಇಳಿಯುತ್ತದೆ, ಉತ್ತರದ ನೀರು ಟಾರ್‌ಸೈಡ್ ಜಲಾಶಯದ ಕಡೆಗೆ ಹೋಗುತ್ತದೆ. ಯಾವ ನೀರು ಯಾವ ಕಡೆಯದೆಂದು ನಕ್ಷೆಯಲ್ಲಿ ನೋಡದೆ ತೊರೆಯನ್ನು ನಂಬಿ ಇಳಿದವರು ಮೂರು ಬೇರೆ ಬೇರೆ ಕಣಿವೆಗಳಲ್ಲಿ ಯಾವುದಕ್ಕಾದರೂ ಸೇರಬಹುದು.

ಆದ್ದರಿಂದ ಫೋನಿನ ಜೊತೆಗೆ ಕಾಗದದ ನಕ್ಷೆ ಮತ್ತು ದಿಕ್ಸೂಚಿ ಇಬ್ಬರ ಬಳಿಯಾದರೂ ಇರಲಿ. ಆರ್ಡ್‌ನೆನ್ಸ್ ಸರ್ವೆಯ ಡಾರ್ಕ್ ಪೀಕ್ ಹಾಳೆ, ಎಕ್ಸ್‌ಪ್ಲೋರರ್ ಒಎಲ್1, 1:25,000 ಪ್ರಮಾಣದ್ದು, ಈ ಬೆಟ್ಟಕ್ಕೆ ತಕ್ಕದ್ದು. ಇಂಗ್ಲೆಂಡಿನ ಆ ಭಾಗದಲ್ಲಿ ಸದ್ಯಕ್ಕೆ ಕಾಂತೀಯ ಉತ್ತರವೂ ನಕ್ಷೆಯ ಉತ್ತರವೂ ಬಹುತೇಕ ಒಂದೇ ಆಗಿರುವುದರಿಂದ ಕೋನ ತಿದ್ದುವ ಲೆಕ್ಕದ ಗೊಡವೆ ಇಲ್ಲ. ಹೊರಡುವ ಮೊದಲೇ ಡಾಕ್ಟರ್ಸ್ ಗೇಟ್, ಡೆವಿಲ್ಸ್ ಡೈಕಿನ ಕೊನೆ, ಹರ್ನ್ ಕ್ಲಫ್ ಸಿಗುವ ಜಾಗ, ತುದಿ, ಇವುಗಳ ನಡುವಿನ ದೂರ ಮತ್ತು ದಿಕ್ಕನ್ನು ಮನೆಯಲ್ಲಿ ಕುಳಿತು ಬರೆದುಕೊಳ್ಳಿ. ಮಳೆಯಲ್ಲಿ, ಮರಗಟ್ಟಿದ ಬೆರಳಿನಲ್ಲಿ ಆ ಕೆಲಸ ಆಗುವುದಿಲ್ಲ. ನೂರು ಮೀಟರಿಗೆ ನಿಮ್ಮದು ಎಷ್ಟು ಹೆಜ್ಜೆ ಎಂಬುದನ್ನೂ ಪಾರ್ಕಿನಲ್ಲಿ ಎಣಿಸಿಟ್ಟುಕೊಂಡರೆ ಮಂಜಿನಲ್ಲಿ ದೂರ ತಿಳಿಯಲು ಅದೊಂದೇ ಅಳತೆಗೋಲು. ಹರ್ನ್ ಕ್ಲಫ್ ತಲುಪುವ ಹೊತ್ತಿಗೆ ಐವತ್ತು ಮೀಟರ್ ಆಚೆಯದು ಕಾಣದಿದ್ದರೆ, ಮೊದಲ ಸಲ ಹೋಗುವ ತಂಡ ಅಲ್ಲಿಂದಲೇ ಬಂದ ದಾರಿಯಲ್ಲಿ ಹಿಂದಿರುಗಬೇಕು ಎಂಬುದು ನನ್ನ ಖಚಿತ ಸಲಹೆ. ತುದಿಗಿಂತ ಮುಂದೆ ಹೈಯರ್ ಶೆಲ್ಫ್ ಸ್ಟೋನ್ಸ್ ಕಡೆಗೆ ತಿರುಗುವುದಂತೂ ತಿಳಿಯಾದ ದಿನಕ್ಕೆ ಮಾತ್ರ.

ಶೂ ವಿಷಯದಲ್ಲಿ ಅಂಗಡಿಯವರು ಹೇಳುವುದಕ್ಕಿಂತ ಸರಳವಾಗಿ ಯೋಚಿಸಬಹುದು. ಕಣಕಾಲು ಮುಚ್ಚುವ, ನೀರು ತಡೆಯುವ ಬೂಟು, ಅದರ ಮೇಲೆ ಮೊಣಕಾಲಿನ ತನಕ ಬರುವ ಗೇಟರ್ ಎಂಬ ಕಾಲುಹೊದಿಕೆ, ಒಳಗೆ ಉಣ್ಣೆಯ ಕಾಲುಚೀಲ. ಅಕ್ಟೋಬರಿಗೆ ಇದೇ ಸರಿ. ಬೇಸಿಗೆಯಲ್ಲಿ ಬೇಗ ನೀರು ಬಸಿಯುವ ಓಟದ ಶೂ ಹಾಕಿಕೊಂಡು ಕಾಲು ಒದ್ದೆಯಾದರೂ ಆಗಲಿ ಎಂದು ನಡೆಯುವವರೂ ಇದ್ದಾರೆ, ಬೆಚ್ಚಗಿನ ದಿನ ಅದೂ ತಪ್ಪಲ್ಲ. ರಬ್ಬರ್ ಗಮ್‌ಬೂಟು ಬೇಡ, ಹೂತ ಕಾಲು ಹೊರಬರುತ್ತದೆ, ಬೂಟು ಅಲ್ಲೇ ಉಳಿಯುತ್ತದೆ. ಜೀನ್ಸ್ ಮತ್ತು ಹತ್ತಿಯ ಬನಿಯನ್ ಒದ್ದೆಯಾದರೆ ಒಣಗುವುದಿಲ್ಲ, ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತವೆ. ಮ್ಯಾಂಚೆಸ್ಟರಿಗಿಂತ ಮೇಲೆ ಮೂರು ನಾಲ್ಕು ಡಿಗ್ರಿ ಕಡಿಮೆ ಎಂದು ತಿಳಿದು ಸುಮ್ಮನಾಗಬೇಡಿ, ಅಡ್ಡಿಯಿಲ್ಲದ ಗಾಳಿ ಅದನ್ನು ಎರಡರಷ್ಟು ಮಾಡುತ್ತದೆ. ಪೂರ್ತಿ ಮಳೆಯುಡುಪು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಒಣ ಸ್ವೆಟರ್, ಟೋಪಿ, ಎರಡು ಜೊತೆ ಕೈಗವಸು, ತಲೆದೀಪ, ಪೀಪಿ ಇರಲೇಬೇಕು. ಜೊತೆಯವರಲ್ಲಿ ಯಾರಾದರೂ ತೊದಲುತ್ತಾ, ಎಡವುತ್ತಾ, ತಮಗೆ ಏನೂ ಆಗಿಲ್ಲವೆಂದು ಹಟ ಮಾಡತೊಡಗಿದರೆ ಅದು ಚಳಿ ಒಳಗಿಳಿದ ಲಕ್ಷಣ. ಆ ಕ್ಷಣವೇ ನಿಂತು, ಗಾಳಿ ಮರೆಮಾಡಿ, ಒಣಬಟ್ಟೆ ಹಾಕಿಸಿ, ಸಿಹಿ ಕೊಡಿ. ತುರ್ತು ನೆರವಿಗೆ 999ಕ್ಕೆ ಕರೆ ಮಾಡಿ ಮೊದಲು ಪೊಲೀಸರನ್ನು, ಆಮೇಲೆ ಮೌಂಟನ್ ರೆಸ್ಕ್ಯೂವನ್ನು ಕೇಳಬೇಕು. ಬರುವವರು ಸ್ವಯಂಸೇವಕರು, ಹಣ ಕೇಳುವುದಿಲ್ಲ. ಕರೆ ಹೋಗದ ಕಡೆ ಸಂದೇಶ ಹೋಗಬಹುದು. ಅದಕ್ಕೆ ನಿಮ್ಮ ಫೋನನ್ನು ಮೊದಲೇ ನೋಂದಾಯಿಸಿಕೊಂಡಿರಬೇಕು.

ಇಂಬಳದ ಕಾಟ ಇಲ್ಲಿಲ್ಲ, ಆದರೆ ಉಣುಗು ಇದೆ. ಮಂಗನ ಕಾಯಿಲೆಯ ಸೀಮೆಯಿಂದ ಬಂದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಇಲ್ಲಿ ಅದು ಹರಡಬಹುದಾದದ್ದು ಲೈಮ್ ಎಂಬ ಬೇರೆ ರೋಗ. ಮನೆಗೆ ಬಂದು ಮೊಣಕಾಲ ಹಿಂಭಾಗ, ತೊಡೆಸಂದಿ ನೋಡಿಕೊಳ್ಳಿ, ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆಯಿರಿ, ಮುಂದಿನ ವಾರಗಳಲ್ಲಿ ಕೆಂಪು ವೃತ್ತ ಹರಡಿದರೆ ವೈದ್ಯರನ್ನು ಕಾಣಿ.

ದಾರಿ ಬಿಟ್ಟು ನಡೆಯಬೇಡಿ ಎಂದು ಇಷ್ಟು ಒತ್ತಿ ಹೇಳಲು ಇನ್ನೂ ಒಂದು ಕಾರಣವಿದೆ. ಕೈಗಾರಿಕಾ ಕ್ರಾಂತಿಯ ಕಾಲದಿಂದ ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡಿನ ಚಿಮಣಿಗಳ ಗಂಧಕದ ಹೊಗೆ ಈ ಬೆಟ್ಟಗಳ ಮೇಲೆ ಆಮ್ಲವಾಗಿ ಇಳಿದು ಸ್ಫ್ಯಾಗ್ನಮ್ ಪಾಚಿಯನ್ನು ಬಹುಪಾಲು ಕೊಂದಿತು. ಪಾಚಿ ಹೋದ ಮೇಲೆ ಬೆಂಕಿಯೂ ಕುರಿಯ ಮೇವೂ ಸೇರಿ ಪೀಟು ಬೆತ್ತಲಾಯಿತು, ಮಳೆ ಅದನ್ನು ಕೊರೆದು ಜಲಾಶಯಗಳಿಗೆ ಹರಿಸಿತು, ಸಾವಿರಾರು ವರ್ಷ ಹಿಡಿದಿಟ್ಟಿದ್ದ ಇಂಗಾಲ ಗಾಳಿಗೆ ಸೇರತೊಡಗಿತು. 2003ರಲ್ಲಿ ಬ್ಲೀಕ್ಲೋದಲ್ಲಿ ದೊಡ್ಡ ಕಾಳ್ಗಿಚ್ಚು ಬಿತ್ತು. ಅದೇ ವರ್ಷ ಶುರುವಾದ ಮೂರ್ಸ್ ಫಾರ್ ದಿ ಫ್ಯೂಚರ್ ಎಂಬ ಸಹಯೋಗದ ಯೋಜನೆ ಅಲ್ಲಿಂದೀಚೆಗೆ ಬರಿಯ ಪೀಟಿನ ಮೇಲೆ ಕತ್ತರಿಸಿದ ಹೆದರ್ ಕಡ್ಡಿ ಹಾಸಿ, ಸುಣ್ಣ ಮತ್ತು ಹುಲ್ಲಿನ ಬೀಜ ಚೆಲ್ಲಿ, ಕೊರಕಲುಗಳಿಗೆ ಕಲ್ಲು, ಮರದ ಒಡ್ಡು ಕಟ್ಟಿ, ಸ್ಫ್ಯಾಗ್ನಮ್ ಸಸಿಗಳನ್ನು ಕೈಯಿಂದ ನೆಟ್ಟು ಈ ನೆಲವನ್ನು ಮತ್ತೆ ಒದ್ದೆ ಮಾಡುತ್ತಿದೆ. ನೀವು ದಾಟಲು ಒದ್ದಾಡುವ ಒದ್ದೆತನವೇ ಈ ಬೆಟ್ಟದ ಆರೋಗ್ಯ. ಕೊರಕಲಿನಲ್ಲಿ ಒಡ್ಡಿನ ಹಿಂದೆ ಕಪ್ಪು ನೀರು ನಿಂತು ಅದರ ಅಂಚಿನಲ್ಲಿ ಪಾಚಿಯ ಚುಕ್ಕೆಗಳು ಕಂಡರೆ, ಅದನ್ನು ಯಾರೋ ಮಂಡಿಯೂರಿ ನೆಟ್ಟಿದ್ದಾರೆಂದು ತಿಳಿಯಿರಿ, ಆ ಒಡ್ಡನ್ನು ಸೇತುವೆಯಾಗಿ ಬಳಸಬೇಡಿ. ಚಹಾ ಬೇಕಾದರೆ ಫ್ಲಾಸ್ಕಿನಲ್ಲಿ ಒಯ್ಯಿರಿ, ಒಲೆ ಹಚ್ಚಬೇಡಿ. ಪೀಟಿಗೆ ಹತ್ತಿದ ಬೆಂಕಿ ನೆಲದೊಳಗೇ ದಿನಗಟ್ಟಲೆ ಉರಿಯುತ್ತದೆ.

ನೀವು ಆರಿಸಿದ ದಿನಾಂಕವನ್ನು ಒಂದು ವಾರ ಹಿಂದಕ್ಕೆ ಸರಿಸಿದರೆ ಒಳ್ಳೆಯದು. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಮೇಲೆ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಬೆಳಿಗ್ಗೆ ಹತ್ತಕ್ಕೆ ಹೆಜ್ಜೆ ಹಾಕಿ, ತುದಿಗೆ ಹೋಗಿಬರಲು ನಿಂತು ನೋಡುವ ಸಮಯ ಸೇರಿ ಮೂರು ಮೂರೂವರೆ ಗಂಟೆ, ಹೈಯರ್ ಶೆಲ್ಫ್ ಸ್ಟೋನ್ಸ್ ಸೇರಿಸಿದರೆ ನಾಲ್ಕೂವರೆ ಗಂಟೆ ಇಟ್ಟುಕೊಳ್ಳಿ; ಒಂದು ಗಂಟೆ ಹೊಡೆದಾಗ ಎಲ್ಲಿದ್ದರೂ ತಿರುಗುವುದೆಂದು ಮೊದಲೇ ಮಾತು ಮಾಡಿಕೊಳ್ಳಿ. ದಾರಿ ಬಿಟ್ಟ ಪೀಟಿನಲ್ಲಿ ಗಂಟೆಗೆ ಎರಡು ಕಿಲೋಮೀಟರ್ ನಡೆದರೆ ಅದೇ ಹೆಚ್ಚು. ಸ್ನೇಕ್ ಪಾಸ್‌ನ ತುದಿಯಲ್ಲಿ ಕೆಲವೇ ಕಾರುಗಳಿಗೆ ಜಾಗ, ಹಿಮ ಬಿದ್ದರೆ ರಸ್ತೆಯನ್ನೇ ಮುಚ್ಚುತ್ತಾರೆ. ರೈಲಿನಲ್ಲಿ ಗ್ಲಾಸಪ್‌ಗೆ ಬಂದು ಶೆಲ್ಫ್ ಬ್ರೂಕಿನ ಪಕ್ಕದ ಡಾಕ್ಟರ್ಸ್ ಗೇಟ್ ದಾರಿಯಲ್ಲೇ ಮೇಲೇರಬಹುದು. ಆಗ ಅದು ಇಡೀ ದಿನದ ನಡಿಗೆಯಾಗುತ್ತದೆ.

ನಿಮ್ಮ ತಂದೆಯವರ ವಯಸ್ಸಿನ ಬಗ್ಗೆ ನನಗೆ ಚಿಂತೆಯಿಲ್ಲ, ಅವರ ಮಂಡಿಯ ಬಗ್ಗೆ ಕೇಳುತ್ತೇನೆ. ಮೆಟ್ಟಿಲು ಇಳಿಯುವಾಗ ನೋವಿದ್ದರೆ ಜೌಗಿನ ಒತ್ತು ತಿರುಚು ಅವರಿಗೆ ಬೇಡ. ನೋವಿಲ್ಲದಿದ್ದರೂ ಮೊದಲ ಸಲಕ್ಕೆ ಅವರ ನಡಿಗೆಯನ್ನು ರಸ್ತೆಯಿಂದ ಡೆವಿಲ್ಸ್ ಡೈಕಿನ ಆರಂಭದವರೆಗೆ, ಹೆಚ್ಚುಕಡಿಮೆ ಒಂದು ಕಿಲೋಮೀಟರಿಗೆ ನಿಲ್ಲಿಸಿ. ಆ ಭಾಗದ ಚಪ್ಪಡಿ ದಾರಿಯಲ್ಲಿ ಎರಡು ಊರುಗೋಲು ಹಿಡಿದು ಆರಾಮವಾಗಿ ನಡೆಯಬಹುದು. ಸುತ್ತಲಿನ ಬಯಲು, ಗುಪ್ಪೆ ಹುಲ್ಲು, ಅದೃಷ್ಟವಿದ್ದರೆ ಚಳಿಗಾಲಕ್ಕೆ ಬೆಳ್ಳಗಾಗತೊಡಗಿದ ಮೌಂಟನ್ ಮೊಲ, ಎಲ್ಲವೂ ಅಷ್ಟರಲ್ಲೇ ನೋಡಲು ಸಿಗುತ್ತವೆ. ಆದರೆ ಅವರನ್ನು ಒಬ್ಬರನ್ನೇ ಕಾರಿಗೆ ಹಿಂದಿರುಗಿಸಬೇಡಿ, ಕಾರಿನಲ್ಲಿ ಕೂತು ಕಾಯುತ್ತಾರೆಂದು ನೀವು ಮುಂದೆ ಹೋಗಲೂ ಬೇಡಿ. ತಂಡದಲ್ಲಿ ಇಬ್ಬರು ಅವರ ಜೊತೆ ಹಿಂದಿರುಗಿ, ಗ್ಲಾಸಪ್‌ಗೆ ಇಳಿದು ಬಿಸಿಯಾಗಿ ಏನಾದರೂ ತಿಂದುಕೊಂಡಿದ್ದು, ಮಾತಾಡಿದ ಹೊತ್ತಿಗೆ ಮತ್ತೆ ಮೇಲೆ ಬಂದು ಉಳಿದವರನ್ನು ಕರೆದುಕೊಳ್ಳಲಿ.